ಸ್ಟಿಕರ್ ನೋಡಬೇಡಿ, ಅಳೆದು ನೋಡಿ: ಮೋಟಾರು ಕೂಡಿಸಿದ ಸೈಕಲ್‌ಗಳ ಬಗ್ಗೆ ಬಹಿರಂಗ ಪತ್ರ

ಕಲಬುರಗಿ ಜಿಲ್ಲೆಯ ಸಾರಿಗೆ ಅಧಿಕಾರಿಗಳಿಗೆ, ಸಂಚಾರ ಪೊಲೀಸರಿಗೆ, ಹಾಗೂ ಮನೆಯ ಕಟ್ಟೆಯ ಮೇಲೋ ಪಂಚರ್ ಅಂಗಡಿಯ ಮೂಲೆಯಲ್ಲೋ ಸೈಕಲ್‌ಗೆ ಮೋಟಾರು ಕೂಡಿಸುವ ನಮ್ಮವರೆಲ್ಲರಿಗೂ,

ಮಾನ್ಯರೇ,

ಗಂಜ್ ಕಡೆಯಿಂದ ಒಂದು ಸೈಕಲ್ ಬರುತ್ತದೆ, ಸೇಡಂ ರಸ್ತೆ ಕಡೆಯಿಂದ ಇನ್ನೊಂದು. ಎರಡರ ಹಿಂದಿನ ಚಕ್ರದಲ್ಲೂ ಮೋಟಾರು, ಕ್ಯಾರಿಯರ್ ಮೇಲೆ ಬ್ಯಾಟರಿ ಡಬ್ಬಿ, ಹ್ಯಾಂಡಲ್‌ಗೆ ಥ್ರಾಟಲ್, ಅಂದರೆ ತಿರುಗಿಸಿ ವೇಗ ಏರಿಸುವ ಹಿಡಿ. ಯಾವುದಕ್ಕೂ ನಂಬರ್ ಪ್ಲೇಟ್ ಇಲ್ಲ. ಒಂದು ಗಂಟೆಗೆ 23 ಕಿ.ಮೀ. ಓಡುತ್ತದೆ, ಇನ್ನೊಂದು 42. ನಿಯಮದ ಉಳಿದ ಷರತ್ತುಗಳೂ ಕೂಡಿದ್ದರೆ ಮೊದಲನೆಯದಕ್ಕೆ ನಂಬರ್ ಪ್ಲೇಟ್ ಬೇಕಾಗಿಯೇ ಇಲ್ಲ. ಎರಡನೆಯದು ಅದಿಲ್ಲದೆ ರಸ್ತೆಗೆ ಬರುವ ಹಾಗೇ ಇಲ್ಲ. ಹೊರಗಿನಿಂದ ನೋಡಿ ಇದನ್ನು ಹೇಳಲು ಯಾರಿಂದಲೂ ಆಗದು, ಕಟ್ಟಿದ ಮಿಸ್ತ್ರಿಯಿಂದಲೂ. ಎರಡನ್ನೂ ಹಿಡಿದರೆ ಒಬ್ಬನಿಗೆ ಅನ್ಯಾಯ, ಎರಡನ್ನೂ ಬಿಟ್ಟರೆ ರಸ್ತೆಯಲ್ಲಿರುವ ಎಲ್ಲರಿಗೂ ಅಪಾಯ. ಅದಕ್ಕೇ ನಮ್ಮ ಮಾತು ಒಂದೇ: ಅಳೆಯಿರಿ. ಅಳೆಯುವುದು ಹೇಗೆ, ನಾವು ಕಟ್ಟುವಾಗ ತಪ್ಪುವುದು ಎಲ್ಲಿ ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ.

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 2ನೇ ನಿಯಮದ (ಯು) ಖಂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮೋಟಾರಿನ 30 ನಿಮಿಷದ ಶಕ್ತಿ (ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ) 0.25 ಕಿಲೋವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿರುವುದು, ಸರಿಯಾದ ಬ್ರೇಕು, ಮುಂದೆ ಬಿಳಿ ಹಿಂದೆ ಕೆಂಪು ರಿಫ್ಲೆಕ್ಟರ್. ಇಷ್ಟಿದ್ದು, 126ನೇ ನಿಯಮದಲ್ಲಿ ಹೇಳಿದ ಪರೀಕ್ಷಾ ಸಂಸ್ಥೆ ಅದನ್ನು ಪರಿಶೀಲಿಸಿ ಒಪ್ಪಿದರೆ ಅದು ಮೋಟಾರು ವಾಹನವೇ ಅಲ್ಲ. ಪೆಡಲ್ ತುಳಿದಾಗ ಮಾತ್ರ ಮೋಟಾರು ನೆರವಾಗುವ ಸೈಕಲ್‌ಗೂ ಅದೇ 0.25 ಕಿಲೋವ್ಯಾಟ್ ಮಿತಿ. ಜೊತೆಗೆ ನೆರವು ಹಂತಹಂತವಾಗಿ ಇಳಿದು 25ಕ್ಕೆ ಪೂರ್ತಿ ನಿಲ್ಲಬೇಕು, ತುಳಿಯುವುದು ನಿಲ್ಲಿಸಿದರೆ ಅದಕ್ಕೂ ಮೊದಲೇ ನಿಲ್ಲಬೇಕು. ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹಳೇ ಕರಿ ಸೈಕಲ್ 20 ಕಿಲೋ ಆಸುಪಾಸು, ಮೋಟಾರು 3ರಿಂದ 6 ಕಿಲೋ. 60 ಮುಟ್ಟಿಸಬೇಕೆಂದರೂ ಕಷ್ಟ.

ಜಗಳವೆಲ್ಲ ವೇಗ ಮತ್ತು ಶಕ್ತಿಯದು.

ವೇಗ ಅಳೆಯಲು ರಾಡಾರ್ ಗನ್ ಬೇಕಿಲ್ಲ. 25 ಕಿ.ಮೀ. ವೇಗವೆಂದರೆ 100 ಮೀಟರಿಗೆ 14.4 ಸೆಕೆಂಡ್. ಸಮತಟ್ಟಾದ ರಸ್ತೆಯಲ್ಲಿ ಟೇಪು ಹಿಡಿದು 100 ಮೀಟರ್ ಗುರುತು ಹಾಕಿ, ಅದಕ್ಕೂ ಮೊದಲು 40 ಮೀಟರ್ ಓಟಕ್ಕೆ ಬಿಡಿ. ಥ್ರಾಟಲ್ ಪೂರ್ತಿ ತಿರುಗಿಸಿ, ಪೆಡಲ್ ತುಳಿಯದೆ ದಾಟಲು ಹೇಳಿ, ಮೊಬೈಲ್‌ನಲ್ಲಿ ಸಮಯ ನೋಡಿ. ಗಾಳಿಯ ಲೆಕ್ಕ ಸರಿಹೋಗಲು ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ. 14.4ಕ್ಕಿಂತ ಬೇಗ ದಾಟಿದರೆ ಅದು ಸೈಕಲ್ ಅಲ್ಲ. ಎರಡು ಎಚ್ಚರ. ಬ್ಯಾಟರಿ ತುಂಬಿರಬೇಕು, ಯಾಕೆಂದರೆ 36 ವೋಲ್ಟಿನ ಸೈಕಲ್ ತುಂಬಿದಾಗ 42–43 ವೋಲ್ಟಿನಲ್ಲೂ ಇಳಿದಾಗ 35–36ರಲ್ಲೂ ಓಡುತ್ತದೆ, ವೇಗವೂ ಅದರ ಹಿಂದೆಯೇ ಇಳಿಯುತ್ತದೆ. ಅರ್ಧ ಬ್ಯಾಟರಿಯಲ್ಲಿ ಪಾಸಾದದ್ದು ಬೆಳಿಗ್ಗೆ ಫೇಲಾಗಬಹುದು. ಎರಡನೆಯದು, ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿ ಮೀಟರ್ ನೋಡುವುದನ್ನು ದಯವಿಟ್ಟು ಬಿಡಿ. ಗಾಳಿಯಲ್ಲಿ ತಿರುಗುವ ಚಕ್ರ 30 ತೋರಿಸಿದರೆ ಅದೇ ಸೈಕಲ್ ಆಳು ಹತ್ತಿದ ಮೇಲೆ 24–25ರಲ್ಲಿ ನಿಲ್ಲುತ್ತದೆ.

ಶಕ್ತಿಯ ಲೆಕ್ಕ ಅಷ್ಟು ಸುಲಭವಲ್ಲ. 250 ವ್ಯಾಟ್ ಮೋಟಾರಿನ ಜೊತೆ ಬರುವ ಕಂಟ್ರೋಲರ್ (ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಡಬ್ಬಿ) ಮೇಲೆ 36 ವೋಲ್ಟ್, 15 ಆಂಪಿಯರ್ ಎಂದು ಬರೆದಿರುತ್ತದೆ. ಗುಣಿಸಿದರೆ 540. ಇದನ್ನೇ ನೋಡಿ "ನಿನ್ನದು 540 ವ್ಯಾಟ್" ಎನ್ನುವುದು ತಪ್ಪು. 15 ಆಂಪಿಯರ್ ಎಳೆಯುವುದು ನಿಂತ ಜಾಗದಿಂದ ಹೊರಡುವಾಗ, ಏರು ಹತ್ತುವಾಗ. ಸಮ ರಸ್ತೆಯಲ್ಲಿ ಓಡುವಾಗ ಅದೇ ಮೀಟರ್ 6–8 ತೋರಿಸುತ್ತದೆ. ನಿಯಮ ಕೇಳುವುದು ಅರ್ಧ ಗಂಟೆ ತಡೆದುಕೊಳ್ಳುವ ಶಕ್ತಿಯನ್ನು, ಒಂದು ಕ್ಷಣದ ಎಳೆತವನ್ನಲ್ಲ. ಬ್ಯಾಟರಿಯಿಂದ ಹೋದದ್ದರಲ್ಲಿ ಐದನೇ ಒಂದು ಪಾಲು ಮೋಟಾರಿನ ಬಿಸಿಯಾಗಿಯೇ ಕಳೆದುಹೋಗುತ್ತದೆ, ಅದನ್ನೂ ಕಳೆಯಬೇಕು.

ಆದರೆ ಇದೇ ಸಂದಿಯಲ್ಲಿ ನುಸುಳುವವರು ನಮ್ಮಲ್ಲೇ ಇದ್ದಾರೆ, ಮುಚ್ಚಿಡುವುದು ಬೇಡ. 1000 ವ್ಯಾಟಿನ ಹಬ್‌ಗೆ, ಅಂದರೆ ಚಕ್ರದ ನಡುವೆ ಕೂರುವ ಮೋಟಾರಿಗೆ, 250ರ ಸ್ಟಿಕರ್ ಅಂಟಿಸುತ್ತಾರೆ. ಅದನ್ನು ಕೈಯಲ್ಲಿ ಎತ್ತಿದರೇ ಗೊತ್ತಾಗುತ್ತದೆ: 250 ವ್ಯಾಟಿನ ಗೇರ್ ಹಬ್ (ಒಳಗೆ ಹಲ್ಲುಚಕ್ರ ಇರುವುದು) 3 ಕಿಲೋ ಸುತ್ತಮುತ್ತ, 1000 ವ್ಯಾಟಿನ ಡೈರೆಕ್ಟ್ ಡ್ರೈವ್ ಹಬ್ (ಹಲ್ಲುಚಕ್ರ ಇಲ್ಲದ್ದು) 6 ಕಿಲೋ ದಾಟಿ, ಅಗಲವೂ ಊಟದ ತಟ್ಟೆಯಷ್ಟು. ಇನ್ನೊಂದು ಕೈಚಳಕ ಕಂಟ್ರೋಲರ್ ಒಳಗಿರುತ್ತದೆ. ಕರೆಂಟು ಅಳೆಯಲು ಬೋರ್ಡಿನ ಮೇಲೆ ಬಾಗಿಸಿ ಕೂಡಿಸಿದ ದಪ್ಪ ತಂತಿ ಇರುತ್ತದೆ, ಶಂಟ್ ಅಂತಾರೆ. ಅದರ ಮೇಲೆ ಬೆಸುಗೆ ಸುರಿದರೆ ಅದರ ರೋಧ ಇಳಿದು, ಕಂಟ್ರೋಲರ್ ತಾನು 15 ಎಳೆಯುತ್ತಿದ್ದೇನೆ ಎಂದುಕೊಂಡು 22 ಎಳೆಯುತ್ತದೆ. ಹೊರಗಿನ ಸ್ಟಿಕರ್ ಹಾಗೇ ಇರುತ್ತದೆ. ಬ್ಯಾಟರಿ ತಂತಿಗೆ ಕ್ಲಾಂಪ್ ಮೀಟರ್ (ತಂತಿಯನ್ನು ಸುತ್ತುವರಿದು ಹಿಡಿದು ಕರೆಂಟು ಅಳೆಯುವ ಮೀಟರ್) ಹಾಕಿ ನಿಂತಲ್ಲಿಂದ ಜೋರಾಗಿ ಹೊರಡಿಸಿದರೆ ಗುಟ್ಟು ರಟ್ಟಾಗುತ್ತದೆ. ಮೀಟರ್ ಮಾತ್ರ ಡಿಸಿ, ಅಂದರೆ ಬ್ಯಾಟರಿಯ ಒಂದೇ ದಿಕ್ಕಿನ ಕರೆಂಟು ಅಳೆಯುವಂಥದ್ದೇ ಇರಲಿ. ಮನೆ ವೈರಿಂಗ್‌ನವರ ಸಾದಾ ಕ್ಲಾಂಪ್ ಮೀಟರ್ ಇಲ್ಲಿ ಸೊನ್ನೆ ತೋರಿಸಿ ಮೋಸ ಮಾಡುತ್ತದೆ.

ಕಟ್ಟುವವರಿಗೆ ಒಂದು ಮಾತು: 25ರ ಮಿತಿ ಮೋಟಾರು ಕೊಳ್ಳುವಾಗಲೇ ನಿರ್ಧಾರವಾಗುತ್ತದೆ. 26 ಇಂಚಿನ ಚಕ್ರದ ಸುತ್ತಳತೆ ಸುಮಾರು 2.07 ಮೀಟರ್. ನಿಮಿಷಕ್ಕೆ 200 ಸುತ್ತಾದರೆ ಗಂಟೆಗೆ 25 ಕಿ.ಮೀ. ಅದೇ ಮೋಟಾರನ್ನು ಹಳೇ ಕರಿ ಸೈಕಲ್ಲಿನ 28 ಇಂಚಿನ ಚಕ್ರಕ್ಕೆ ಹಾಕಿದರೆ ಸುತ್ತಳತೆ 2.2 ಮೀಟರ್ ದಾಟಿ ವೇಗ 26–27ಕ್ಕೆ ಹೋಗುತ್ತದೆ. ಹಲವು ಕಂಟ್ರೋಲರ್‌ಗಳಲ್ಲಿ ವೇಗ ತಗ್ಗಿಸಲೆಂದೇ ಒಂದು ಜೋಡಿ ತೆಳು ತಂತಿ ಇರುತ್ತದೆ. ಅದನ್ನು ಕೂಡಿಸಿ, ಬೆಸೆದು, ಮೇಲೆ ಟ್ಯೂಬ್ ಎಳೆದು ಮುಚ್ಚಿ. ಪ್ಲಗ್ ಹಾಕಿ ಬಿಟ್ಟರೆ ಸೈಕಲ್ ಒಯ್ದವನು ಎರಡನೇ ದಿನವೇ ಕಿತ್ತಿರುತ್ತಾನೆ.

ಇನ್ನು ಬ್ಯಾಟರಿ. ಕಲಬುರಗಿಯ ಬಿಸಿಲಿನಲ್ಲಿ ಮೋಟಾರಿಗಿಂತ ಭಾಳ ಎಚ್ಚರ ಬೇಕಾದದ್ದು ಇಲ್ಲೇ.

ಸೀಸದ ಬ್ಯಾಟರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 12 ವೋಲ್ಟಿನವು ಮೂರು, ಒಟ್ಟು 12 ಕಿಲೋ, ಸಿಗುವುದು ಬರೆದಿದ್ದರ ಅರ್ಧ. ಕೆಲಸ ಕಲಿಯುವವರಿಗೆ ಅದೇ ಒಳ್ಳೆಯದು. ಲಿಥಿಯಂಗೆ ಹೋಗುವುದಾದರೆ ನಮ್ಮ ಊರಿಗೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಎಂಬುದೇ ನಮ್ಮ ಅಭಿಪ್ರಾಯ. ತೂಕ ತುಸು ಹೆಚ್ಚು, ಆದರೆ ಕಾದಾಗ ತಾನೇ ಹೊತ್ತಿಕೊಳ್ಳುವ ಗುಣ ನಿಕ್ಕಲ್–ಮ್ಯಾಂಗನೀಸ್–ಕೋಬಾಲ್ಟ್ ಸೆಲ್ಲಿಗಿಂತ ಬಹಳ ಕಡಿಮೆ. 32700 ಅಳತೆಯ, 6 ಆಂಪಿಯರ್ ಅವರ್‌ನ ಸೆಲ್ 24 ತೆಗೆದುಕೊಳ್ಳಿ. ಎರಡೆರಡನ್ನು ಸಮಾಂತರವಾಗಿ ಕೂಡಿಸಿ, ಅಂಥ 12 ಜೋಡಿಯನ್ನು ಸಾಲಾಗಿ ಕೂಡಿಸಿದರೆ 38.4 ವೋಲ್ಟ್, 12 ಆಂಪಿಯರ್ ಅವರ್. ಸೆಲ್ಲಿನ ತೂಕವೇ ಮೂರೂವರೆ ಕಿಲೋ. ಒಳಗೆ 460 ವ್ಯಾಟ್ ಅವರ್; ಕಿಲೋಮೀಟರಿಗೆ 13 ವ್ಯಾಟ್ ಅವರ್ ಹಿಡಿದು, ಪೂರ್ತಿ ಖಾಲಿ ಮಾಡದೆ ಓಡಿಸಿದರೆ 30 ಕಿ.ಮೀ. ಒಮ್ಮೆ ತುಂಬಲು ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಕರೆಂಟು, 2 ಆಂಪಿಯರ್ ಚಾರ್ಜರ್‌ನಲ್ಲಿ 6ರಿಂದ 7 ಗಂಟೆ.

ಚಾರ್ಜರ್ ವಿಷಯದಲ್ಲಿ ಆಗುವ ಯಡವಟ್ಟು ಕೇಳಿ. ಮೇಲೆ ಹೇಳಿದ 12 ಜೋಡಿಯ ಪ್ಯಾಕು ತುಂಬುವುದು 43.8 ವೋಲ್ಟಿಗೆ. ಇನ್ನೊಂದು ಜಾತಿಯ ಸೆಲ್ಲಿನಲ್ಲಿ 10 ಸಾಲಿನ ಪ್ಯಾಕು ತುಂಬುವುದು 42ಕ್ಕೆ. ಎರಡಕ್ಕೂ ಅಂಗಡಿಯವರು ಹೇಳುವುದು "36 ವೋಲ್ಟ್ ಬ್ಯಾಟರಿ". ಎರಡು ಚಾರ್ಜರಿಗೂ ಒಂದೇ ದುಂಡು ಪಿನ್ನು. 43.8ರ ಚಾರ್ಜರನ್ನು 42ರ ಪ್ಯಾಕಿಗೆ ಚುಚ್ಚಿದರೆ ಒಂದೊಂದು ಸೆಲ್ಲಿಗೂ 4.2ರ ಬದಲು 4.38 ವೋಲ್ಟ್ ಒತ್ತಡ. ನಡುವೆ ತಡೆಯಲು ಇರುವುದು ಬಿಎಂಎಸ್, ಅಂದರೆ ಪ್ಯಾಕಿನ ಸೆಲ್ಲುಗಳನ್ನು ಕಾಯುವ ಬೋರ್ಡ್ ಒಂದೇ. ಅದು ಕೈಕೊಟ್ಟ ದಿನ ಏನಾಗಬಹುದೆಂದು ಹೇಳಬೇಕಾಗಿಲ್ಲ. ಪ್ಯಾಕಿನ ಮೇಲೂ ಚಾರ್ಜರಿನ ಮೇಲೂ ತುಂಬುವ ವೋಲ್ಟನ್ನು ಅಳಿಸದ ಮಾರ್ಕರಿನಲ್ಲಿ ದೊಡ್ಡದಾಗಿ ಬರೆಯಿರಿ. ಮನೆಯಲ್ಲಿ ಎರಡು ಬಗೆಯ ಪ್ಯಾಕ್ ಇದ್ದರೆ ಪಿನ್ನನ್ನೇ ಬೇರೆ ಮಾಡಿ.

ಸೆಲ್ ಜೋಡಿಸುವಾಗ ನಿಕ್ಕಲ್ ಪಟ್ಟಿ ನಿಜವಾಗಿ ನಿಕ್ಕಲ್ಲೇ ಎಂದು ನೋಡಿಕೊಳ್ಳಿ. ಸಂತೆಯಲ್ಲಿ ನಿಕ್ಕಲ್ ಲೇಪಿಸಿದ ಉಕ್ಕಿನ ಪಟ್ಟಿ ಧಾರಾಳ. ಅಯಸ್ಕಾಂತ ಇಟ್ಟು ನೋಡಿ ಪ್ರಯೋಜನವಿಲ್ಲ, ಎರಡೂ ಅಂಟುತ್ತವೆ. ಗ್ರೈಂಡರ್‌ಗೆ ಹಿಡಿಯಿರಿ: ಕಿಡಿ ಹಾರಿದರೆ ಉಕ್ಕು. ಇಲ್ಲವೇ ತುಣುಕೊಂದನ್ನು ಗೀರಿ ಉಪ್ಪುನೀರಲ್ಲಿ ಎರಡು ದಿನ ಬಿಡಿ, ಉಕ್ಕಾದರೆ ತುಕ್ಕು ಕಾಣುತ್ತದೆ. 0.15 ಮಿ.ಮೀ. ದಪ್ಪ, 8 ಮಿ.ಮೀ. ಅಗಲದ ಶುದ್ಧ ಪಟ್ಟಿ 5–6 ಆಂಪಿಯರ್ ನಿರಾಳವಾಗಿ ಹೊರುತ್ತದೆ, ಆದ್ದರಿಂದ 15 ಹರಿಯುವ ಕಡೆ ಮೂರು ಪಟ್ಟಿ ಬೇಕು. ಸೆಲ್ಲಿಗೆ ನೇರ ಬೆಸುಗೆ ಕಾಯಿಸಬೇಡಿ, ಒಳಗಿನ ತೆಳು ಪದರ ಆ ಬಿಸಿ ತಡೆಯದು. ಕ್ಷಣಮಾತ್ರ ಕರೆಂಟು ಹರಿಸಿ ಪಟ್ಟಿ ಕೂಡಿಸುವ ಸ್ಪಾಟ್ ವೆಲ್ಡಿಂಗೇ ಆಗಬೇಕು. ಪಾಸಿಟಿವ್ ತುದಿಗೆ ಬಾರ್ಲಿ ಪೇಪರಿನ (ಕರೆಂಟು ಹಾಯದ ದಪ್ಪ ಕಾಗದದ) ಉಂಗುರ ಹಾಕುವುದನ್ನು ಮರೆಯುವವರೇ ಹೆಚ್ಚು. ಸೆಲ್ಲಿನ ಮೈಯೆಲ್ಲ ನೆಗೆಟಿವ್. ಪಾಸಿಟಿವ್ ತುದಿಗೂ ಅದಕ್ಕೂ ನಡುವೆ ಇರುವುದು ತೆಳು ಪ್ಲಾಸ್ಟಿಕ್ ಹೊದಿಕೆ ಮಾತ್ರ, ನಮ್ಮ ರಸ್ತೆಯ ಕುಲುಕಾಟಕ್ಕೆ ಪಟ್ಟಿ ಅದನ್ನು ಉಜ್ಜಿ ಉಜ್ಜಿ ಹರಿಯುತ್ತದೆ. ಹಳೇ ಲ್ಯಾಪ್‌ಟಾಪಿನಿಂದ ತೆಗೆದ ಸೆಲ್, ತೂಕದ ಲೆಕ್ಕದಲ್ಲಿ ಮಾರುವ ಸೆಲ್ ಇವುಗಳಿಂದ ಪ್ಯಾಕು ಕಟ್ಟಿ ಬೇರೆಯವರಿಗೆ ಮಾರಬೇಡಿ. ಬೇರೆ ಬೇರೆ ವೋಲ್ಟಿನಲ್ಲಿರುವ ಎರಡು ಸೆಲ್ಲನ್ನು ಸಮಾಂತರವಾಗಿ ಮುಟ್ಟಿಸಿದ ಕ್ಷಣ ಒಂದು ಇನ್ನೊಂದಕ್ಕೆ ಸುರಿಯತೊಡಗುತ್ತದೆ, ತಡೆಯಲು ನಡುವೆ ಏನೂ ಇರುವುದಿಲ್ಲ.

ಫ್ಯೂಸ್ 20 ಆಂಪಿಯರಿನದು, ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ. ದೂರ ಹಾಕಿದರೆ ಅಲ್ಲಿಯವರೆಗಿನ ತಂತಿಗೆ ಕಾವಲಿಲ್ಲ. ತಂತಿ 2.5 ಚದರ ಮಿ.ಮೀ. ಕೆಲವರು ಫ್ಯೂಸಿನ ಬದಲು ಮನೆಯ ಮೀಟರ್ ಬೋರ್ಡಿನ ಎಂಸಿಬಿ (ಕರೆಂಟು ಮೀರಿದರೆ ತಾನೇ ಬೀಳುವ ಸ್ವಿಚ್ಚು) ತಂದು ಹಾಕುತ್ತಾರೆ, ಅದು ತಪ್ಪು. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿ ತಾನೇ ಆರುತ್ತದೆ, ಡಿಸಿ ಹಾಗೆ ಇಳಿಯುವುದೇ ಇಲ್ಲ. ಡಿಸಿ ಎಂದು ಬರೆದದ್ದೇ ಬೇಕು.

ಬಿಸಿಲಿಗೆ ಬರೋಣ. ಹೆಚ್ಚಿನ ಲಿಥಿಯಂ ಸೆಲ್ಲುಗಳನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದೆಂದು ತಯಾರಕರೇ ಬರೆದಿರುತ್ತಾರೆ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳಿನಲ್ಲೇ 42–43. ಓಡಿಸಿ ತಂದ ಪ್ಯಾಕಿನ ಒಳಗೆ ಇನ್ನೂ ಏಳೆಂಟು ಡಿಗ್ರಿ ಹೆಚ್ಚು. ಅಂದರೆ ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂರುವ ಮೊದಲು ಚಾರ್ಜಿಗೆ ಹಾಕುವ ರೂಢಿ ಬೇಸಿಗೆ ಪೂರ್ತಿ ತಪ್ಪು. ರಾತ್ರಿ ಒಂಬತ್ತರ ಮೇಲೆ, ಪ್ಯಾಕು ಮುಟ್ಟಿದರೆ ಕೈಗೆ ತಣ್ಣಗೆನಿಸಿದ ಮೇಲೆ ಹಾಕಿ, ಎಚ್ಚರವಿರುವಾಗಲೇ. ಒಂದೇ ಸಲ ತುಂಬದಿದ್ದರೆ ಉಳಿದದ್ದು ನಸುಕಿನಲ್ಲಿ. ಬಿಎಂಎಸ್ ಕೊಳ್ಳುವಾಗ ಉಷ್ಣತೆಯ ಸೆನ್ಸರ್ ಇರುವುದನ್ನೇ ಕೇಳಿ, ಅದರ ಮಣಿಯನ್ನು ಹೊರಗೆ ನೇತುಬಿಡದೆ ನಡುವಿನ ಸೆಲ್ಲಿಗೆ ಅಂಟಿಸಿ. ಡಬ್ಬಿಗೆ ಕರಿ ಬಣ್ಣ ಬೇಡ, ಬಿಳಿ ಬಳಿಯಿರಿ. ಕುಲುಕದಿರಲೆಂದು ಸುತ್ತಲೂ ಸ್ಪಂಜು ತುರುಕುವುದು ಬೇಸಿಗೆಯಲ್ಲಿ ಪ್ಯಾಕಿಗೆ ಕಂಬಳಿ ಹೊದಿಸಿದಂತೆ; ಅಡಿಗೆ ಮತ್ತು ಮೂಲೆಗಳಿಗೆ ಮಾತ್ರ ರಬ್ಬರು ಸಾಕು, ಗಾಳಿಯ ತೂತು ಕೆಳಮುಖವಾಗಿರಲಿ. ಚಾರ್ಜ್ ಮಾಡುವ ಜಾಗ ಹೆಬ್ಬಾಗಿಲ ಪಕ್ಕ ಬೇಡವೇ ಬೇಡ. ಹೊತ್ತಿಕೊಂಡರೆ ಒಳಗಿದ್ದವರು ಹೊರಬರುವ ದಾರಿಯೇ ಅದು. ಅಂಗಳದ ನೆರಳಿನಲ್ಲಿ, ಶಹಾಬಾದ್ ಫರ್ಸಿ ಹಾಸಿನ ಮೇಲೆ ಇಡಿ. ಹೊರಸಿನ ಮೇಲಲ್ಲ, ತೊಗರಿ ಕಟ್ಟಿಗೆಯ ಬಣವೆ ಪಕ್ಕದಲ್ಲಂತೂ ಅಲ್ಲ. ಹೊಗೆ ಬಂದರೆ ಮೊದಲು ಜನ ದೂರ ಸರಿಯಬೇಕು, ಪ್ಲಗ್ಗಿನ ಮೇನ್ ಆಫ್ ಆಗಬೇಕು, ಆಮೇಲೆ ದೂರದಿಂದ ನೀರು, ಧಾರಾಳವಾಗಿ. ಬೆಂಕಿ ಆರಿಸುವ ಪುಡಿ ಅಥವಾ ಗ್ಯಾಸಿನ ಸಿಲಿಂಡರ್ ಜ್ವಾಲೆ ನಂದಿಸಬಹುದು, ಸೆಲ್ಲನ್ನು ತಣಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಳ್ಳಬಹುದು.

2022ರಲ್ಲಿ ದೇಶದ ಹಲವೆಡೆ ಕಂಪನಿ ಸ್ಕೂಟರ್‌ಗಳೇ ಹೊತ್ತಿಕೊಂಡ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿ ಮಾಡಿದರು. ಅದು ಮೋಟಾರು ವಾಹನಗಳಿಗೆ. ಮೋಟಾರು ವಾಹನವಲ್ಲದ ನಮ್ಮ ಸೈಕಲ್ಲಿನ ಪ್ಯಾಕಿಗೆ ಆ ಪರೀಕ್ಷೆ ಇಲ್ಲ. ವಿನಾಯಿತಿ ಸಿಕ್ಕಿದ್ದು ನೋಂದಣಿಗೆ, ಬೆಂಕಿಗಲ್ಲವಲ್ಲ.

ಚಕ್ರದ ಕೆಲಸದಲ್ಲಿ ಹೊಸಬರು ದುಡ್ಡು ಕಳೆಯುವುದು ರಿಮ್ಮಿನಲ್ಲಿ. ಹಬ್ ಮೋಟಾರುಗಳಿಗೆ ಸಾಮಾನ್ಯವಾಗಿ 36 ತೂತು. ನಮ್ಮ ಕರಿ ಸೈಕಲ್ಲಿಗೆ ಮುಂದೆ 32 ಕಡ್ಡಿ, ಹಿಂದೆ 40. ಯಾವುದೂ ಕೂಡುವುದಿಲ್ಲ. 36 ತೂತಿನ ರಿಮ್ಮು ಮೊದಲು ಕೈಯಲ್ಲಿರಲಿ, ಆಮೇಲೆ ಮೋಟಾರು. ಕಡ್ಡಿ 12 ಗೇಜಿನದು, ಉದ್ದವನ್ನು ಹಬ್ ಬಂದ ಮೇಲೆ ಅಳೆದು ತರಿಸಿ.

ಮುಂದಿನ ಫೋರ್ಕಿಗೆ ಮೋಟಾರು ಹಾಕುವುದಾದರೆ ಉಕ್ಕಿನ ಫೋರ್ಕ್ ಮಾತ್ರ. ಅಲ್ಯೂಮಿನಿಯಂ ಸಸ್ಪೆನ್ಷನ್ ಫೋರ್ಕಿನ ತುದಿ ಸೀಳುತ್ತದೆ. ಯಾಕೆಂದರೆ 30 ನ್ಯೂಟನ್ ಮೀಟರ್ ತಿರುಚುವ ಬಲವನ್ನು ಅಚ್ಚಿನ 10 ಮಿ.ಮೀ. ಚಪ್ಪಟೆ ಭಾಗ ತಡೆಯಬೇಕು. ಲೆಕ್ಕ ಹಾಕಿದರೆ ಆ ಅಂಚುಗಳ ಮೇಲೆ 300 ಕಿಲೋ ಭಾರ ಹೇರಿದಂತೆ. ಹಳೇ ಫೋರ್ಕಿನ ಸೀಳು 10 ಮಿ.ಮೀ.ಗಿಂತ ಕಿರಿದಿರುತ್ತದೆ, ಅರ ಹಿಡಿದು ಎರಡು ಪಕ್ಕವನ್ನಷ್ಟೇ ಉಜ್ಜಿ. ಮೇಲಕ್ಕೆ ಆಳ ಮಾಡಬೇಡಿ, ಸಡಿಲವೂ ಆಗಬಾರದು. ಹಲ್ಲಿರುವ ವಾಷರ್, ಅದರ ಜೊತೆ ಒಂದು ಪಕ್ಕಕ್ಕಾದರೂ 5–6 ಮಿ.ಮೀ. ಉಕ್ಕಿನ ಟಾರ್ಕ್ ಆರ್ಮ್ (ಅಚ್ಚು ತಿರುಗದಂತೆ ಫೋರ್ಕಿಗೆ ಕಟ್ಟುವ ಪಟ್ಟಿ) ಬೇಕು. ನಟ್ಟು ಸಡಿಲಾಗಿ ಅಚ್ಚು ತಿರುಗಿತೆಂದರೆ ಒಳಹೋಗುವ ತಂತಿಗಳೆಲ್ಲ ಅದಕ್ಕೆ ಸುತ್ತಿ ಹರಿಯುತ್ತವೆ, ಆಮೇಲೆ ಚಕ್ರವೇ ಕಳಚುತ್ತದೆ. ಮೊದಲ 50 ಕಿ.ಮೀ. ಆದ ಮೇಲೆ ಪಾನಾ ಹಾಕಿ ಮತ್ತೊಮ್ಮೆ ಬಿಗಿ ಮಾಡಿ.

ಮಳೆಗಾಲದಲ್ಲಿ ಹೊಲದ ದಾರಿ ಹಿಡಿಯುವವರಿಗೆ ಎರೆ ಮಣ್ಣಿನ ಸ್ವಭಾವ ಹೇಳಿಕೊಡಬೇಕಿಲ್ಲ. ಮಡ್‌ಗಾರ್ಡ್ ಸಂದಿಯಲ್ಲಿ ತುಂಬಿ ಚಕ್ರ ಕಚ್ಚಿ ನಿಲ್ಲುತ್ತದೆ. ಸಾದಾ ಸೈಕಲ್ಲಾದರೆ ಇಳಿದು ಹೆಗಲ ಮೇಲೆ ಹೊರುತ್ತೇವೆ. ಮೋಟಾರಿರುವಾಗ ಥ್ರಾಟಲ್ ಇನ್ನಷ್ಟು ತಿರುಗಿಸುವ ಆಸೆ. ತಿರುಗದ ಮೋಟಾರಿನಲ್ಲಿ ಪೂರ್ತಿ ಕರೆಂಟು ಒಂದೇ ಕಡೆ ನಿಂತು ಕಂಟ್ರೋಲರ್ ಒಳಗಿನ ಮಾಸ್ಫೆಟ್ (ಕರೆಂಟು ಹಾಯಿಸಿ ಕಡಿಯುವ ಬಿಡಿಭಾಗ) ಸುಡುತ್ತದೆ, ಅಥವಾ ಗೇರ್ ಹಬ್ಬಿನ ನೈಲಾನ್ ಹಲ್ಲು ಸವೆಯುತ್ತದೆ. ಸುಟ್ಟದ್ದು ಯಾವುದು ಎಂದು ತಿಳಿಯುವ ಬಗೆ ಹೀಗೆ: ಕರೆಂಟು ತೆಗೆದ ಮೇಲೂ ಚಕ್ರ ತಡೆತಡೆದು ತಿರುಗುತ್ತಿದೆಯೇ? ಮೋಟಾರಿನ ಮೂರು ದಪ್ಪ ತಂತಿ ಬಿಚ್ಚಿ ಮತ್ತೆ ತಿರುಗಿಸಿ. ಹಗುರಾದರೆ ಕಂಟ್ರೋಲರ್ ಹೋಗಿದೆ, ಮೋಟಾರು ಚೆನ್ನಾಗಿದೆ. ಗೇರ್ ಹಬ್ಬಿನಲ್ಲಿ ಮುಂದಕ್ಕೆ ತಿರುಗಿಸಿದರೆ ಏನೂ ಗೊತ್ತಾಗುವುದಿಲ್ಲ, ಒಳಗೆ ಫ್ರೀವೀಲ್ ಇದೆ. ಹಿಂದಕ್ಕೆ ತಿರುಗಿಸಿ ನೋಡಬೇಕು. ಮಳೆಗೆ ನಿಂತ ಸೈಕಲ್ ಗಡಗಡ ನಡುಗಿ ಹೊರಡದಿದ್ದರೆ ಐದು ತೆಳು ತಂತಿಯ ಹಾಲ್ ಕನೆಕ್ಟರಿಗೆ (ಮೋಟಾರು ಎಷ್ಟು ತಿರುಗಿದೆ ಎಂದು ಕಂಟ್ರೋಲರಿಗೆ ತಿಳಿಸುವ ಸೆನ್ಸರಿನದು) ನೀರು ಹೋಗಿರುತ್ತದೆ. ಒಣಗಿಸಿ ಗ್ರೀಸ್ ತುಂಬಿ. ಹಬ್ಬಿಗೆ ಹೋಗುವ ತಂತಿ ಅಚ್ಚಿಗಿಂತ ಕೆಳಗೆ ಒಮ್ಮೆ ಬಳುಕಿ ಮೇಲೇರುವಂತೆ ಕಟ್ಟಿದರೆ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಥ್ರಾಟಲ್‌ನ ಕರಿ ತಂತಿ, ಅಂದರೆ ಗ್ರೌಂಡ್ ತಂತಿ ಹರಿದರೆ ಮೋಟಾರು ನಿಲ್ಲುತ್ತದೆ ಎಂದುಕೊಂಡವರು ಬಹಳ. ಹಾಗಲ್ಲ. ಗ್ರೌಂಡ್ ತಪ್ಪಿದ ಥ್ರಾಟಲ್ ಪೂರ್ತಿ ತಿರುಗಿಸಿದಷ್ಟೇ ವೋಲ್ಟ್ ಕೊಡಬಲ್ಲದು, ಸೈಕಲ್ ತಾನೇ ನುಗ್ಗುತ್ತದೆ. ಅದಕ್ಕೇ ಬ್ರೇಕ್ ಹಿಡಿದ ಕೂಡಲೇ ಮೋಟಾರು ಕಡಿಯುವ ಸ್ವಿಚ್ಚಿನ ಲಿವರ್ ಎರಡೂ ಕಡೆ ಇರಲೇಬೇಕು. ರಾಡ್ ಬ್ರೇಕ್ ನಂಬಿ ಮೋಟಾರು ಕೂಡಿಸಬೇಡಿ. ಉಕ್ಕಿನ ರಿಮ್ಮು ನೆನೆದರೆ ರಬ್ಬರು ಜಾರುತ್ತದೆ. ಒಳ್ಳೆಯ ಬ್ರೇಕಿದ್ದರೂ 25ರ ವೇಗದಲ್ಲಿ ಕಂಡು, ಹಿಡಿದು, ನಿಲ್ಲಲು ಸುಮಾರು 15 ಮೀಟರ್ ಬೇಕು. 40ರಲ್ಲಿ 30 ದಾಟುತ್ತದೆ. ಆ ವೇಗವೇ ಬೇಕೆನ್ನುವವರು ನೋಂದಣಿ, ಲೈಸೆನ್ಸ್, ವಿಮೆ ಇರುವ ಗಾಡಿ ಕೊಳ್ಳಲಿ. ವಿಮೆಯಿಲ್ಲದೆ ಯಾರಿಗಾದರೂ ಗುದ್ದಿದರೆ ಪರಿಹಾರದ ಹೊರೆ ಮನೆಯ ಮೇಲೆ. ಹಳೇ ಪೆಟ್ರೋಲ್ ಬೈಕಿಗೆ ಮೋಟಾರು ಕೂಡಿಸುವುದು ಬೇರೆಯೇ ವಿಷಯ: ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಡಿ ಅನುಮೋದಿತ ಕಿಟ್ ಮತ್ತು ದಾಖಲೆ ತಿದ್ದುಪಡಿ ಇಲ್ಲದೆ ಅದು ಸಲ್ಲದು. ನಾವು ಅದರ ಪರ ಮಾತಾಡುತ್ತಿಲ್ಲ.

ಅಧಿಕಾರಿಗಳಲ್ಲಿ ನಾವು ಕೇಳುವುದು ಇಷ್ಟು. 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮೊದಲು, ಸಮತಟ್ಟಾದ ಒಂದು ರಸ್ತೆಯ ತುಣುಕು ಕೊಡಿ. ಬಂದ ಸೈಕಲ್ಲನ್ನು ಅಳೆದು, ವೇಗ ಇಷ್ಟು, ಎಳೆಯುವ ಕರೆಂಟು ಇಷ್ಟು, ಬ್ರೇಕು–ರಿಫ್ಲೆಕ್ಟರ್ ಇದೆ ಅಥವಾ ಇಲ್ಲ ಎಂದು ತಾರೀಖು ಹಾಕಿದ ಒಂದು ಚೀಟಿ ಕೊಡಿ. ಅದು ನೋಂದಣಿಯಲ್ಲ, ಪರವಾನಗಿಯೂ ಅಲ್ಲ, ಅಳತೆಯ ಚೀಟಿ. ರಸ್ತೆಯಲ್ಲಿ ನಿಲ್ಲಿಸಿದ ಪೇದೆಯ ಕೈಗೆ ಮಾತಿನ ಬದಲು ಅಂಕಿ ಸಿಗುತ್ತದೆ. ಮಿತಿ ಮೀರಿದ್ದನ್ನು ಆ ದಿನ ದಂಡವಿಲ್ಲದೆ ಸರಿಪಡಿಸಲು ಬಿಡಿ, ಮುಂದಿನ ತಿಂಗಳೂ ಹಾಗೇ ಬಂದರೆ ಕಾನೂನಿದೆ.

ಮಹಾನಗರ ಪಾಲಿಕೆಗೂ ಒಂದು ಮನವಿ: 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸತ್ತ ಸೆಲ್ಲನ್ನು ಮನೆಕಸದಲ್ಲಿ ಹಾಕುವಂತಿಲ್ಲ. ಅಳತೆ ನಡೆಯುವ ಜಾಗದಲ್ಲೇ ಮರಳು ತುಂಬಿದ ಒಂದು ಡ್ರಮ್ಮು ಇಡಿಸಿದರೆ, ತುದಿಗೆ ಟೇಪು ಸುತ್ತಿ ನಾವೇ ತಂದು ಹಾಕುತ್ತೇವೆ. ಕಸದ ಗಾಡಿಯ ಪ್ರೆಸ್ಸಿಗೆ ಸಿಕ್ಕ ಸೆಲ್ ಹೊತ್ತಿಕೊಳ್ಳಬಹುದು.

100 ಮೀಟರಿನ ಟೇಪು, ಸುಣ್ಣದ ಪುಡಿ, ಡಿಸಿ ಕ್ಲಾಂಪ್ ಮೀಟರ್ ನಾವು ತರುತ್ತೇವೆ. ಸೈಕಲ್ಲುಗಳನ್ನೂ, ಬ್ಯಾಟರಿ ಪೂರ್ತಿ ತುಂಬಿಸಿಕೊಂಡು. ದಿನ ಮತ್ತು ರಸ್ತೆ ನೀವು ಹೇಳಿ.

ಇಂತಿ,
ಕಲಬುರಗಿಯಲ್ಲಿ ಸೈಕಲ್‌ಗೆ ಮೋಟಾರು ಕೂಡಿಸುವ ಕೆಲವರು